ಬಸ್ರಾದ ಗೋಡೆ, ಆತಕೂರಿನ ನಾಯಿ, ನಮ್ಮೂರ ಹುಡುಗ

(ಕಾರ್ಗಿಲ್ ವಿಜಯ ದಿನದಂದು ಬೆಳಗಾವಿಯ ಕಾಲೇಜೊಂದರಲ್ಲಿ ಎನ್‌ಸಿಸಿ ವಿದ್ಯಾರ್ಥಿಗಳ ಮುಂದೆ ಮಾಡಿದ ಉಪನ್ಯಾಸದ ಬರಹ ರೂಪ)

ಎಲ್ಲರಿಗೂ ನಮಸ್ಕಾರ.

ಜುಲೈ 26ರಂದು ಮೈಕ್ ಮುಂದೆ ನಿಂತವರು ಟೈಗರ್ ಹಿಲ್ ಬಗ್ಗೆ ಮಾತಾಡಲೇಬೇಕು ಅನ್ನುವಂತಾಗಿದೆ. ತೋಲೋಲಿಂಗ್, ಬೋಫೋರ್ಸ್ ತೋಪು, ಪ್ರಾಣ ಕೊಟ್ಟ 527 ಯೋಧರು, ಇದೆಲ್ಲ ನಿಮಗೆ ನನಗಿಂತ ಚೆನ್ನಾಗಿ ಗೊತ್ತು. ಹಾಗಾಗಿ ನಾನು ಯುದ್ಧದ ಕಥೆ ಹೇಳುವುದಿಲ್ಲ. ಯುದ್ಧ ಮುಗಿದ ಮೇಲೆ ಏನಾಗುತ್ತೆ? ಸತ್ತ ಹುಡುಗನ ಹೆಸರನ್ನು ಎಲ್ಲಿ ಬರೆಯುತ್ತಾರೆ, ಯಾರದು ಬರೆಯುತ್ತಾರೆ, ಯಾರದು ಬಿಡುತ್ತಾರೆ, ಬರೆದದ್ದನ್ನು ಆಮೇಲೆ ಯಾರು ನೋಡಿಕೊಳ್ಳುತ್ತಾರೆ? ಇವತ್ತಿನ ಮಾತು ಇಷ್ಟರ ಬಗ್ಗೆ.

ಇರಾಕ್ ದೇಶದ ಬಸ್ರಾದಲ್ಲಿ ಒಂದು ಸ್ಮಾರಕ ಇದೆ. ಬ್ರಿಟಿಷರು 1929ರಲ್ಲಿ ಕಟ್ಟಿ ಮುಗಿಸಿದ್ದು. ಮೊದಲ ಮಹಾಯುದ್ಧದಲ್ಲಿ ಮೆಸೊಪೊಟೇಮಿಯಾದಲ್ಲಿ, ಅಂದರೆ ಇವತ್ತಿನ ಇರಾಕ್‌ನಲ್ಲಿ ಸತ್ತು, ಸಮಾಧಿ ಎಲ್ಲಿ ಅಂತ ಗೊತ್ತಿಲ್ಲದ 40 ಸಾವಿರಕ್ಕೂ ಹೆಚ್ಚು ಜನರ ನೆನಪಿಗೆ ಅದು. 1997ರಲ್ಲಿ ಸದ್ದಾಂ ಹುಸೇನ್ ಹುಕುಂ ಮಾಡಿ ಅದನ್ನು ಊರಾಚೆ ನಾಸಿರಿಯಾ ದಾರಿಗೆ ಸಾಗಿಸಿದ. ಅಷ್ಟು ದೊಡ್ಡ ಗೋಡೆಗಳ ಮೇಲೆ ಬ್ರಿಟಿಷ್ ಸೈನಿಕರೆಲ್ಲರ ಹೆಸರಿದೆ. ಭಾರತೀಯ ಪಲ್ಟನ್‌ಗಳ ಜಾಗಕ್ಕೆ ಬಂದರೆ ಅಧಿಕಾರಿಗಳ ಹೆಸರಿದೆ. ಸಿಪಾಯಿಗಳಿಗೆ ಹೆಸರಿಲ್ಲ, ಬರೀ ಲೆಕ್ಕ. ಇಂಥ ಪಲ್ಟನ್, ಮತ್ತು ಇನ್ನಿಷ್ಟು ಜನ ಅಂತ.

ಜಾಗ ಸಾಲಲಿಲ್ಲ ಅಂತ ಅಂದುಕೊಳ್ಳಬೇಡಿ. ಅದಕ್ಕೂ ಎರಡು ವರ್ಷ ಮೊದಲು, 1927ರಲ್ಲಿ, ಇದೇ ಜನ ಫ್ರಾನ್ಸ್‌ನ ನವ್ ಶಾಪೆಲ್‌ನಲ್ಲಿ ಸ್ಮಾರಕ ಕಟ್ಟಿದರು. ಅಲ್ಲಿ 4,700ಕ್ಕೂ ಹೆಚ್ಚು ಭಾರತೀಯ ಸೈನಿಕರ ಹೆಸರುಗಳಿವೆ. ಅಲ್ಲಿ ಸಿಪಾಯಿಗೂ ಹೆಸರಿದೆ. ಯುರೋಪಿನಲ್ಲಿ ನೋಡುವ ಕಣ್ಣುಗಳಿದ್ದವು, ಹೆಸರು ಬರೆದರು. ಬಸ್ರಾದಲ್ಲಿ ಯಾರು ಕೇಳುತ್ತಾರೆ ಅಂತ ಬಿಟ್ಟರು. ಇದು ನನ್ನ ಸಿಟ್ಟಿನ ಮಾತಷ್ಟೇ ಅಲ್ಲ. ಯುದ್ಧ ಸಮಾಧಿಗಳನ್ನು ನೋಡಿಕೊಳ್ಳುವ ಕಾಮನ್‌ವೆಲ್ತ್ ಆಯೋಗವೇ 2021ರಲ್ಲಿ ತನಿಖೆ ಮಾಡಿಸಿ, ಯುರೋಪಿನ ಹೊರಗೆ ಭೇದಭಾವ ನಡೆದಿದೆ ಅಂತ ಒಪ್ಪಿಕೊಂಡಿತು. ಕನಿಷ್ಠ 1,16,000 ಜನರ ಹೆಸರನ್ನು ಎಲ್ಲೂ ಬರೆದಿಲ್ಲ ಅಥವಾ ಅವರನ್ನು ನೆನೆದೇ ಇಲ್ಲ ಅಂತ ವರದಿ ಹೇಳಿತು. ಬ್ರಿಟಿಷ್ ಸರ್ಕಾರ ಸಂಸತ್ತಿನಲ್ಲಿ ಕ್ಷಮೆ ಕೇಳಿತು. ನೂರು ವರ್ಷ ಕಳೆದ ಮೇಲೆ!

ಬಸ್ರಾಗೂ ಬೆಳಗಾವಿಗೂ ಏನು ಸಂಬಂಧ ಅಂತೀರಾ? ಇಲ್ಲೇ ಕ್ಯಾಂಪ್ ಕಡೆ ಹೋಗಿ ನೋಡಿ. ಮರಾಠಾ ಲಘು ಪದಾತಿ ದಳದ ಸೆಂಟರ್ ಇದೆಯಲ್ಲ, ಅದರೊಳಗೆ ಶರ್ಕತ್ ಯುದ್ಧ ಸ್ಮಾರಕವಿದೆ. ಶರ್ಕತ್ ಇರೋದು ಇರಾಕ್‌ನಲ್ಲಿ, ಟೈಗ್ರಿಸ್ ನದಿಯ ದಂಡೆಯ ಮೇಲೆ. 1918ರ ಅಕ್ಟೋಬರ್ ಕೊನೆಯಲ್ಲಿ 114ನೇ ಮರಾಠಾ ಪಲ್ಟನ್ ಅಲ್ಲಿ ತುರ್ಕರ ಜೊತೆ ಕಾದಿತು. ಆ ಒಂದೇ ಕಾಳಗಕ್ಕೆ ಆ ಪಲ್ಟನ್ನಿಗೆ 28 ಶೌರ್ಯ ಪದಕ ಬಂದವು. ಪದಕದ ಲೆಕ್ಕ ಎಲ್ಲರೂ ಹೇಳುತ್ತಾರೆ. ತಾರೀಖು ನೋಡಿ ಅಂತ ನಾನು ಹೇಳುತ್ತೇನೆ. ತುರ್ಕರ ಜೊತೆ ಕದನವಿರಾಮಕ್ಕೆ ಸಹಿ ಬಿದ್ದದ್ದು ಅಕ್ಟೋಬರ್ 30ಕ್ಕೆ. ಅತ್ತ ಸಹಿ ಹಾಕಲು ಕೂತಿದ್ದರು, ಇತ್ತ ಹುಡುಗರು ಇನ್ನೂ ಸಾಯುತ್ತಿದ್ದರು. 1922ರಲ್ಲಿ ಸೈನ್ಯವನ್ನು ಹೊಸದಾಗಿ ಜೋಡಿಸಿದಾಗ ಅದೇ 114ನೇ ಪಲ್ಟನ್ ತರಬೇತಿ ಪಲ್ಟನ್ ಆಗಿ ಬೆಳಗಾವಿಗೆ ಬಂತು. ಇವತ್ತಿನ ಸೆಂಟರ್‌ನ ಬೇರು ಅದು.

ಅದಕ್ಕೂ ಮೊದಲಿನದು, ಅದೇ ಇರಾಕ್‌ನ ಕುಟ್ ಅನ್ನುವ ಊರಿಗೆ ತುರ್ಕರು ಹಾಕಿದ ಮುತ್ತಿಗೆ. 103, 110 ಮತ್ತು 117ನೇ ಮರಾಠಾ ಪಲ್ಟನ್‌ಗಳು ಅಲ್ಲಿ ಸುಮಾರು ಐದು ತಿಂಗಳು ಸಿಕ್ಕಿಹಾಕಿಕೊಂಡಿದ್ದವು. ಕಾಳು ಮುಗಿಯಿತು. ಕುದುರೆ ಕಡಿದು ತಿನ್ನಿ ಅಂದರು. ನಮ್ಮವರು ಬಹಳ ಜನ ಒಪ್ಪಲಿಲ್ಲ, ಒಸಡು ಕೊಳೆತು ಬಿದ್ದರು. 1916ರ ಏಪ್ರಿಲ್ 29ಕ್ಕೆ ಶರಣಾದರು. ಸೆರೆ ಹೋದವರಲ್ಲಿ ಎಷ್ಟೋ ಜನ ಮರುಭೂಮಿಯ ದಾರಿಯಲ್ಲೇ ಸತ್ತರು. ಸಮಾಧಿ ಇಲ್ಲ, ಚಿತೆ ಇಲ್ಲ. ಇಂಥವರ ನೆನಪಿಗೆ ಕಟ್ಟಿದ ಗೋಡೆಯ ಮೇಲೂ ಹೆಸರಿಲ್ಲ.

ಈಗ ಇನ್ನೊಂದು ಕಲ್ಲಿನ ಕಥೆ ಹೇಳುತ್ತೇನೆ. ಇದು ನಮ್ಮದೇ ನಾಡಿನದು, ಬಸ್ರಾ ಗೋಡೆಗಿಂತ ಸುಮಾರು ಸಾವಿರ ವರ್ಷ ಹಳೆಯದು.

ಮಂಡ್ಯ ಕಡೆಯ ಆತಕೂರಿನಲ್ಲಿ ಒಂದು ಶಾಸನ ಸಿಕ್ಕಿದೆ. ಈಗ ಬೆಂಗಳೂರಿನ ಮ್ಯೂಸಿಯಂನಲ್ಲಿದೆ. ಕಾಲ ಕ್ರಿ.ಶ. 949-50. ರಾಷ್ಟ್ರಕೂಟರ ಮುಮ್ಮಡಿ ಕೃಷ್ಣ, ಗಂಗರ ಬೂತುಗ ಸೇರಿ ತಕ್ಕೋಲದಲ್ಲಿ ಚೋಳರನ್ನು ಸೋಲಿಸಿದ ಸಮಯ. ಆ ಯುದ್ಧದಲ್ಲಿ ಚೆನ್ನಾಗಿ ಕಾದಿದ ಮಣಲೇರ ಅನ್ನುವ ವೀರನಿಗೆ ಏನು ಬೇಕು ಕೇಳು ಅಂದರಂತೆ. ಅವನು ಊರು ಕೇಳಲಿಲ್ಲ, ಚಿನ್ನ ಕೇಳಲಿಲ್ಲ. ಕಾಳಿ ಅನ್ನುವ ಬೇಟೆನಾಯಿಯನ್ನು ಕೇಳಿದ. ಆ ಕಾಳಿ ಮುಂದೊಂದು ದಿನ ಹಂದಿಯ ಮೇಲೆ ಬಿದ್ದು ಕಾದಿ, ಎರಡೂ ಸತ್ತವು. ನಾಯಿಯ ನೆನಪಿಗೆ ಕಲ್ಲು ನಿಲ್ಲಿಸಿದರು. ಕಲ್ಲಿನ ಮೇಲೆ ನಾಯಿಯ ಹೆಸರು ಬರೆಸಿದರು. ಕಲ್ಲಿಗೆ ಭೂಮಿ ಬಿಟ್ಟರು. ಅಷ್ಟಕ್ಕೇ ನಿಲ್ಲಿಸಲಿಲ್ಲ. ಆ ಜಾಗ ನೋಡಿಕೊಳ್ಳುವ ಗೊರವ, ಅಂದರೆ ಶೈವ ಪೂಜಾರಿ, ಈ ಕಲ್ಲನ್ನು ಪೂಜಿಸದೆ ಉಂಡರೆ ನಾಯಿಯ ಪಾಪ ಅವನಿಗೆ ತಟ್ಟಲಿ ಅಂತ ಕಟ್ಟು ಹಾಕಿದರು.

ನಾಯಿಗೂ ಹೆಸರು ಬರೆದ ನಾಡು ಇದು ಅಂತ ಇಲ್ಲಿ ಚಪ್ಪಾಳೆ ಹೊಡೆಯಬೇಡಿ, ಮಾತು ಇನ್ನೂ ಇದೆ. ನನಗೆ ಇಷ್ಟವಾಗೋದು ಆ ಕೊನೆಯ ಕಟ್ಟು. ಕಲ್ಲು ನಿಲ್ಲಿಸಿದವನಿಗೆ ಜನರ ಸ್ವಭಾವ ಗೊತ್ತಿತ್ತು. ಮೊದಲ ವರ್ಷ ಎಲ್ಲರೂ ಬರುತ್ತಾರೆ, ಹತ್ತನೇ ವರ್ಷ ಯಾರೂ ಬರುವುದಿಲ್ಲ. ಅದಕ್ಕೇ ಒಬ್ಬನನ್ನು ಗೊತ್ತು ಮಾಡಿದ. ಅವನ ಊಟಕ್ಕೇ ಗಂಟು ಹಾಕಿದ.

ವೀರಗಲ್ಲುಗಳನ್ನು ನೀವು ನೋಡಿರುತ್ತೀರಿ. ಬಾದಾಮಿಯಲ್ಲಿ ಅಗಸ್ತ್ಯತೀರ್ಥದ ಹತ್ತಿರದ ಮ್ಯೂಸಿಯಂಗೆ ಹೋದರೆ ಇವೆ. ಅಷ್ಟು ದೂರ ಯಾಕೆ, ನಮ್ಮ ಕಡೆ ಹಳ್ಳಿಗಳಲ್ಲಿ ಅಗಸಿ ಪಕ್ಕದಲ್ಲೋ ಹನುಮಪ್ಪನ ಗುಡಿ ಗೋಡೆಗೋ ಒರಗಿಸಿಟ್ಟಿರುತ್ತಾರೆ. ಎಣ್ಣೆ ಹಚ್ಚಿ ಹಚ್ಚಿ ಮೂಗು ಕಣ್ಣು ಮಾಸಿರುತ್ತವೆ. ಸಾಮಾನ್ಯವಾಗಿ ಮೂರು ಅಂತಸ್ತು. ಕೆಳಗೆ ಕಾಳಗ: ಕತ್ತಿಯೋ ಬಿಲ್ಲೋ ಹಿಡಿದ ಮನುಷ್ಯ, ಕೆಲವು ಕಡೆ ಹಿಂದೆ ದನಗಳು. ನಡುವೆ ಅಪ್ಸರೆಯರು ಅವನನ್ನು ಕರೆದೊಯ್ಯುವುದು. ಮೇಲೆ ಕೈಲಾಸ, ಲಿಂಗದ ಮುಂದೆ ಕೂತ ವೀರ. ತುದಿಯಲ್ಲಿ ಸೂರ್ಯ ಚಂದ್ರ. ಎಲ್ಲರೂ ರಾಜನಿಗಾಗಿ ಸತ್ತವರಲ್ಲ. ಊರ ದನ ಹೊಡೆದುಕೊಂಡು ಹೋಗುವವರನ್ನು ತಡೆದು ಸತ್ತವರೇ ಬಹಳ. ಬರಹ ಇರುವ ಕಲ್ಲುಗಳಲ್ಲಿ ಹೆಸರು, ಊರು, ಯಾರ ಜೊತೆ ಕಾದಿದ, ಕಲ್ಲು ನಿಲ್ಲಿಸಿದ್ದು ಯಾರು, ಮನೆಯವರಿಗೆ ಏನು ಕೊಟ್ಟರು ಅನ್ನೋದು ಸಿಗುತ್ತೆ. ನೆತ್ತರುಗೊಡಗೆ, ಬಾಳ್ಗಚ್ಚು, ಕಲ್ನಾಡು ಅಂತ ಶಾಸನಗಳಲ್ಲಿ ಬರುತ್ತಲ್ಲ, ಅವೆಲ್ಲ ಇಂಥ ಕೊಡುಗೆಗಳೇ. ಕೊಟ್ಟ ಭೂಮಿಗೆ ಕೈ ಹಾಕಿದವನು ವಾರಣಾಸಿಯಲ್ಲಿ ಸಾವಿರ ಕವಿಲೆ (ಹಸು) ಕೊಂದ ಪಾಪಕ್ಕೆ ಹೋಗಲಿ ಅಂತ ಶಾಪವೂ ಇರುತ್ತೆ. ಇವತ್ತಿನ ಸರ್ಕಾರಿ ಆದೇಶಗಳ ಕೊನೆಗೂ ಒಂದು ಶಾಪ ಸೇರಿಸಿದರೆ ಕಡತ ಬೇಗ ಓಡಬಹುದೇನೋ.

ಹಾಗಂತ ಆ ಕಾಲವನ್ನು ಸುಮ್ನೆ ಹೊಗಳಬೇಡಿ. ವೀರಗಲ್ಲಿನ ಪಕ್ಕದಲ್ಲೇ ಎಷ್ಟೋ ಕಡೆ ಮಾಸ್ತಿಕಲ್ಲು ಇರುತ್ತೆ, ಬಳೆ ತೊಟ್ಟ ಕೈ ಎತ್ತಿದ್ದು. ಗಂಡ ಸತ್ತ ಅಂತ ಹೆಂಡತಿಯನ್ನೂ ಸುಟ್ಟ ಲೆಕ್ಕ ಅದು. ಇನ್ನು ವೀರಗಲ್ಲುಗಳಲ್ಲಿ ಮತ್ತೆ ಮತ್ತೆ ಬರುವ ಶ್ಲೋಕ ಒಂದಿದೆ. ಗೆದ್ದರೆ ಲಕ್ಷ್ಮಿ ಸಿಗುತ್ತಾಳೆ, ಸತ್ತರೆ ದೇವಲೋಕದ ಹೆಣ್ಣು ಸಿಗುತ್ತಾಳೆ, ಕ್ಷಣದಲ್ಲಿ ಹೋಗುವ ಶರೀರ ಇದು, ರಣದಲ್ಲಿ ಸಾಯಲು ಚಿಂತೆ ಯಾಕೆ ಅಂತ ಅದರ ಅರ್ಥ. ಇದನ್ನು ಬರೆಸಿದವರು ಬದುಕಿದ್ದವರು. ಸತ್ತವನನ್ನು ಯಾರೂ ಕೇಳಿಲ್ಲ.

ಇಲ್ಲಿ ಮುಂದಿನ ಸಾಲಿನಲ್ಲಿ ಕೂತಿರುವ ಕೆಡೆಟ್‌ಗಳಿಗೆ ಹತ್ತೊಂಬತ್ತು ಇಪ್ಪತ್ತು ವಯಸ್ಸು ಅಲ್ವಾ? ಮರಾಠಾ ರೆಜಿಮೆಂಟಿನ ನಾಯಕ್ ಯಶವಂತ ಘಾಡಗೆಗೆ 22 ವಯಸ್ಸಾಗಿತ್ತು. ರಾಯಗಡ ಕಡೆಯ ಹುಡುಗ. 1944ರ ಜುಲೈ 10ರಂದು ಇಟಲಿಯ ಟೈಬರ್ ಕಣಿವೆಯಲ್ಲಿ ಅವನ ತುಕಡಿಯ ಮೇಲೆ ಮಷೀನ್‌ಗನ್ ಗುಂಡು ಸುರಿಯಿತು. ಅವನೊಬ್ಬನನ್ನು ಬಿಟ್ಟು ಉಳಿದವರೆಲ್ಲ ಸತ್ತರು, ಇಲ್ಲವೇ ಗಾಯಗೊಂಡು ಬಿದ್ದರು. ಅವನು ನಿಲ್ಲದೆ ಒಬ್ಬನೇ ಓಡಿದ. ಗ್ರೆನೇಡ್ ಎಸೆದು ಮಷೀನ್‌ಗನ್ ಬಾಯಿ ಮುಚ್ಚಿಸಿದ. ಇನ್ನೊಬ್ಬನನ್ನು ಗುಂಡಿಟ್ಟು ಕೊಂದ. ಮ್ಯಾಗಝಿನ್ ಬದಲಿಸಲು ವೇಳೆ ಇರಲಿಲ್ಲ, ಬಂದೂಕಿನ ಹಿಡಿಯಿಂದಲೇ ಉಳಿದಿಬ್ಬರನ್ನು ಬಡಿದ. ಆಮೇಲೆ ಮರೆಯಲ್ಲಿದ್ದವರ ಗುಂಡು ಎದೆಗೆ, ಬೆನ್ನಿಗೆ ಬಿತ್ತು. ವಿಕ್ಟೋರಿಯಾ ಕ್ರಾಸ್ ಬಂತು. ದೇಹ ಎಲ್ಲಿ ಅಂತ ಗೊತ್ತಿಲ್ಲ. ಆದರೆ ಈ ಸಲ ಹೆಸರು ಉಳಿಯಿತು, ಇಟಲಿಯ ಕಸಿನೋ ಅನ್ನುವ ಊರಿನ ಯುದ್ಧ ಸ್ಮಾರಕದ ಕಲ್ಲಿನ ಮೇಲೆ. ಸಮಾಧಿ ಸಿಗದ 4 ಸಾವಿರಕ್ಕೂ ಹೆಚ್ಚು ಜನರ ಹೆಸರುಗಳ ಜೊತೆ ಅವನದೂ ಇದೆ. 2023ರಲ್ಲಿ ಇಟಲಿಯ ಮೊಂತೋನೆ ಅನ್ನುವ ಸಣ್ಣ ಊರಿನವರು ಅವನ ಹೆಸರಲ್ಲಿ ಒಂದು ನೆರಳು ಗಡಿಯಾರದ ಸ್ಮಾರಕ ಮಾಡಿದ್ದಾರೆ. ಅವನ ಊರೂ ಅಲ್ಲ, ಅವನ ಭಾಷೆಯೂ ಅಲ್ಲ. ಆದರೂ ಮಾಡಿದರು.

ಈಗ ನಮ್ಮ ಹಳ್ಳಿಗೆ ಬರೋಣ. ನಾನು ಹುಟ್ಟಿ ಬೆಳೆದದ್ದು ಬಾಗಲಕೋಟೆ ಜಿಲ್ಲೆ ಬಾದಾಮಿ ತಾಲೂಕು. ನಮ್ಮ ಪಕ್ಕದೂರಿನ ಹುಡುಗನೊಬ್ಬ ಕಾರ್ಗಿಲ್‌ನಲ್ಲಿ ಹೋದ. ಅವನ ಹೆಸರು ನಾನು ಇಲ್ಲಿ ಹೇಳುವುದಿಲ್ಲ. ಇಷ್ಟೊತ್ತು ಹೆಸರು ಹೆಸರು ಅಂತ ಕೊರೆದು ಈಗ ಯಾಕೆ ಹೀಗೆ ಅಂತ ನಗಬೇಡಿ. ಇಲ್ಲಿಗೆ ಬರುವ ಮೊದಲು ಅವನ ತಾಯಿಯನ್ನು ಕೇಳಿದೆ. ಆಕೆ ಹೇಳಿದ್ದು ಇಷ್ಟು: “ಹೆಸರು ಕಲ್ಲಿನ ಮ್ಯಾಲ ಐತಿ, ಸಾಕ ಬಿಡ್ರಿ ಮಾಸ್ತರ. ಭಾಷಣದಾಗ ಬ್ಯಾಡ. ಒಯ್ದವರು ತಿರುಗಿ ಮನಿತನಕ ತಂದ ಕೊಡೂದಿಲ್ಲ.”

ಆಕೆಯ ಅನುಭವ ಅಂಥದ್ದು. ಅವನ ಹೆಸರನ್ನು ಬಹಳ ಜನ ಒಯ್ದಿದ್ದಾರೆ.

ಕಾರ್ಗಿಲ್‌ಗಿಂತ ಮೊದಲಿನ ಯುದ್ಧಗಳಲ್ಲಿ ಸಾಮಾನ್ಯವಾಗಿ ದೇಹ ಊರಿಗೆ ಬರುತ್ತಿರಲಿಲ್ಲ. ಅಲ್ಲೇ ಸಂಸ್ಕಾರ ಮಾಡುತ್ತಿದ್ದರು. ಮನೆಗೆ ಒಂದು ತಾರು, ಆಮೇಲೆ ಒಂದು ಟ್ರಂಕ್. ಅದೇ ಊರಿನಲ್ಲಿ 1971ರಲ್ಲಿ ತೀರಿಕೊಂಡವರೊಬ್ಬರಿದ್ದಾರೆ. ತಾರಿನಲ್ಲಿ ತಾರೀಖು ಸ್ಪಷ್ಟವಾಗಿತ್ತು. ಆದರೆ ಅವರ ತಾಯಿ ಒಪ್ಪಲಿಲ್ಲ. ಮುಖ ನೋಡಿಲ್ಲ, ಆ ದಿನ ಎಡೆ ಇಡೋದಿಲ್ಲ ಅಂದಳು. ಕೊನೆಗೆ ತಿಥಿ ಗೊತ್ತಿಲ್ಲದವರಿಗೆ ಮಾಡುವ ಹಾಗೆ ಮಹಾಲಯ ಅಮಾವಾಸ್ಯೆಗೆ ಇಡಲು ಶುರುಮಾಡಿದರು. ಈಗಲೂ ಹಾಗೇ ನಡೆದಿದೆ.

1999ರಲ್ಲಿ ಹಾಗಾಗಲಿಲ್ಲ. ಯೋಧರ ದೇಹಗಳು ಅವರವರ ಊರಿಗೇ ಬಂದವು. ಆ ಹುಡುಗನನ್ನೂ ಮಿಲಿಟರಿ ಲಾರಿಯಲ್ಲಿ ತಂದರು. ಸುತ್ತ ಹತ್ತು ಹಳ್ಳಿಯ ಜನ ಸೇರಿದ್ದರು. ಆ ಜನಜಾತ್ರೆಯನ್ನು ನಾನು ವರ್ಣಿಸುವುದಿಲ್ಲ, ಟೀವಿಯಲ್ಲಿ ನೋಡಿದ್ದೀರಿ.

ಟ್ರಂಕ್ ಆಮೇಲೆ ಬಂತು. ಕಪ್ಪು ತಗಡಿನದು, ಮೇಲೆ ಬಿಳಿ ಬಣ್ಣದಲ್ಲಿ ನಂಬರ್, ಹುದ್ದೆ, ಹೆಸರು. ಅದನ್ನು ಆಕೆ ಅಡುಗೆಮನೆಯಲ್ಲಿ ಜೋಳದ ಚೀಲದ ಪಕ್ಕ ಇಟ್ಟಿದ್ದಾಳೆ. ಒಳಗೆ ಒಂದು ಹಸಿರು ಸ್ವೆಟರ್, ಸೂಜಿ ದಾರದ ಸಣ್ಣ ಚೀಲ, ಊರ ಜಾತ್ರೆಯಲ್ಲಿ ತೆಗೆಸಿದ ಫೋಟೋ, ಮನೆಯಿಂದ ಅವನಿಗೆ ಹೋದ ಕಾಗದಗಳು. ಅವನು ಬರೆದ ನೀಲಿ ಇನ್‌ಲ್ಯಾಂಡ್ ಕಾಗದಗಳನ್ನೂ ಈಗ ಅದರಲ್ಲೇ ಸೇರಿಸಿದ್ದಾಳೆ. ಎಲ್ಲದರ ಮೇಲೂ ಒಂದೇ ವಿಳಾಸ: ಕೇರ್ ಆಫ್ 56 ಎಪಿಒ. ಸೈನ್ಯದ ಅಂಚೆಗೆ ಊರ ಹೆಸರು ಇರುವುದಿಲ್ಲ. ಮಗ ಕಾಶ್ಮೀರದಲ್ಲಿದ್ದಾನೋ ಇನ್ನೆಲ್ಲಿದ್ದಾನೋ ಆಕೆಗೆ ಕಾಗದ ನೋಡಿ ಎಂದೂ ತಿಳಿದಿಲ್ಲ.

ಆ ಕಾಗದಗಳಲ್ಲಿ ದೇಶ, ಪ್ರಾಣ, ಬಲಿದಾನ ಅನ್ನುವ ಮಾತು ಎಲ್ಲೂ ಇಲ್ಲ. “ಎತ್ತು ಮಾರಬ್ಯಾಡ್ರಿ, ನಾ ಸೂಟಿ ಬಂದಾಗ ನೋಡೂಣು” ಅಂತ ಇದೆ. “ತಂಗಿ ಫೀ ಕಟ್ಟಿದ್ರೇನು?” ಅಂತ ಮೂರು ಕಾಗದದಲ್ಲಿ ಕೇಳಿದ್ದಾನೆ. ಕೊನೆಯದರಲ್ಲಿ ಹೀಗಿದೆ: “ಶೇಂಗಾ ಹಿಂಡಿ ಖಾಲಿ ಆತು. ಬರಾವ್ರ ಕೈಯಾಗ ಕಳಸ್ರಿ. ಬಾಯಿ ಕೆಟ್ಟೈತಿ.” ಹಿಂಡಿ ಕುಟ್ಟಿ ಡಬ್ಬಿ ತುಂಬಿಸಿ ಇಟ್ಟಿದ್ದರು. ಒಯ್ಯುವವರು ಸಿಗಲಿಲ್ಲ.

ವೀರ, ಹುತಾತ್ಮ ಅನ್ನುವ ಮಾತುಗಳ ಬಗ್ಗೆ ನನ್ನ ತಕರಾರಿಲ್ಲ. ಅವನು ಅದಕ್ಕೆ ಯೋಗ್ಯ. ಆದರೆ ಆ ಮಾತುಗಳನ್ನು ಯಾವ ಹುಡುಗನ ಫೋಟೋ ಕೆಳಗೆ ಬೇಕಾದರೂ ಬರೆಯಬಹುದು. ಎತ್ತು ಮಾರಬ್ಯಾಡ್ರಿ ಅಂದದ್ದು ಅವನೊಬ್ಬನೇ.

ಫ್ಲೆಕ್ಸ್‌ಗಳ ಬಗ್ಗೆ ಎರಡು ಮಾತು. ಪ್ರತಿ ಜುಲೈನಲ್ಲಿ ಆ ಊರಲ್ಲೂ ಫ್ಲೆಕ್ಸ್ ಬೀಳುತ್ತೆ. ಹುಡುಗನ ಫೋಟೋ ಒಂದು ಮೂಲೆಯಲ್ಲಿ ಅಂಚೆಚೀಟಿಯಷ್ಟು. ಉಳಿದ ಜಾಗದಲ್ಲಿ ಕೈ ಮುಗಿದು ನಿಂತ ಇಪ್ಪತ್ತು ಮುಖಂಡರು. ಒಂದು ವರ್ಷ ಕೆಳಗೆ ‘ಶುಭ ಕೋರುವವರು’ ಅಂತ ಹಾಕಿದ್ದರು! ಫ್ಲೆಕ್ಸ್ ಮಾಡುವವನ ಕಂಪ್ಯೂಟರಿನಲ್ಲಿ ಇದ್ದದ್ದೇ ಅದೊಂದು ಅಚ್ಚು, ಪಾಪ.

ಮೊದಲು ಊರ ಮುಂದೆ ಒಂದು ಫಲಕ ನಿಲ್ಲಿಸಿದ್ದರು. ಉದ್ಘಾಟಕರ ಹೆಸರು, ಅಧ್ಯಕ್ಷರ ಹೆಸರು ಎಲ್ಲ ಅಚ್ಚುಕಟ್ಟಾಗಿತ್ತು. ಹುಡುಗನ ಪಲ್ಟನ್ ನಂಬರ್ ತಪ್ಪಿತ್ತು. ತಿದ್ದಿಸಿ ಅಂತ ಮನೆಯವರು ಅರ್ಜಿ ಕೊಟ್ಟರು, ಮತ್ತೆ ಕೊಟ್ಟರು. ವರ್ಷಗಟ್ಟಲೆ ಏನೂ ಆಗಲಿಲ್ಲ. ಕೊನೆಗೆ ಅವನು ಫೀ ಕಟ್ಟಿದ್ರೇನು ಅಂತ ಕೇಳುತ್ತಿದ್ದನಲ್ಲ, ಆ ತಂಗಿ ಓದಿ ಮಾಸ್ತರಿಣಿ ಆಗಿದ್ದಳು. ತನ್ನ ಸಂಬಳದಲ್ಲಿ ಇಳಕಲ್ ಕೆಂಪು ಕಲ್ಲು ತರಿಸಿ, ಕೆತ್ತುವವರನ್ನು ಕೂರಿಸಿ, ಹೊಸದನ್ನು ಮಾಡಿಸಿದಳು. ಶಾಲೆಯ ಅಂಗಳದಲ್ಲಿ ನಿಲ್ಲಿಸಿದ್ದಾರೆ. ಹೆಸರು, ತಾಯಿಯ ಹೆಸರು, ತಂದೆಯ ಹೆಸರು, ಸೈನ್ಯದ ನಂಬರ್, ಪಲ್ಟನ್, ಜಾಗ, ದಿನ. ಬೇರೆ ಯಾರ ಹೆಸರೂ ಇಲ್ಲ. ತನ್ನದನ್ನೂ ಹಾಕಿಸಿಲ್ಲ. ಸೋಮವಾರ ಏಳನೇ ಕ್ಲಾಸಿನ ಮಕ್ಕಳು ಅದನ್ನು ತೊಳೆಯಬೇಕು ಅಂತ ಪದ್ಧತಿ ಮಾಡಿದ್ದಾಳೆ. ಆ ಮಕ್ಕಳು ಮುಂದಿನ ವರ್ಷ ಶಾಲೆ ಬಿಟ್ಟು ಹೋಗುತ್ತಾರೆ, ಹೊಸ ಏಳನೇ ಕ್ಲಾಸು ಬರುತ್ತೆ. ಆತಕೂರಿನ ಗೊರವನ ಕಥೆ ಆಕೆಗೆ ಗೊತ್ತಿರಲಿಲ್ಲ, ನಾನು ಹೇಳಿದಾಗ ಬಹಳ ನಕ್ಕಳು. “ಪೂಜಿ ಮಾಡದ ಊಟ ಮಾಡಬ್ಯಾಡ್ರಿ ಅಂದ್ರ ಬಿಸಿಯೂಟದವ್ರು ನನ್ನ ಮ್ಯಾಲ ಕಂಪ್ಲೇಂಟ್ ಕೊಡ್ತಾರ ಸರ” ಅಂದಳು.

ಇನ್ನು ಕೊಡುಗೆಯ ವಿಷಯ. ಯುದ್ಧದಲ್ಲಿ ಸತ್ತ ಸೈನಿಕನ ಹೆಂಡತಿಗೆ ಅವನ ಕೊನೆಯ ಸಂಬಳದಷ್ಟೇ ಕುಟುಂಬ ಪಿಂಚಣಿ ಬರುತ್ತೆ. ಇದು ಒಳ್ಳೆಯ ನಿಯಮ. ಆದರೆ 2022ರಿಂದ ಭರ್ತಿಯಾಗುತ್ತಿರುವ ಅಗ್ನಿವೀರರಿಗೆ ಈ ಪಿಂಚಣಿ ಇಲ್ಲ. ಅವರಿಗೆ 48 ಲಕ್ಷದ ವಿಮೆ, ಕರ್ತವ್ಯದಲ್ಲಿ ಸತ್ತರೆ 44 ಲಕ್ಷದ ಪರಿಹಾರ, ಸೇವಾನಿಧಿ ಅಂತ ಒಂದೇ ಸಲ ದುಡ್ಡು ಬರುತ್ತೆ. ಮೊತ್ತ ಸಣ್ಣದೇನಲ್ಲ. ಆದರೆ ವೀರಗಲ್ಲಿನ ಕಾಲದವರು ದುಡ್ಡು ಕೊಡದೆ ಭೂಮಿ ಯಾಕೆ ಕೊಟ್ಟರು ಅಂತ ಯೋಚನೆ ಮಾಡಿ. ಒಮ್ಮೆಗೇ ಬಂದ ದುಡ್ಡು ಹಳ್ಳಿಯ ಮನೆಯಲ್ಲಿ ಎಷ್ಟು ದಿನ ನಿಲ್ಲುತ್ತೆ, ಯಾರ ಯಾರ ಕೈಗೆ ಹೋಗುತ್ತೆ ಅಂತ ನಿಮಗೂ ಗೊತ್ತು. ಒಂದೇ ಬಂಕರಿನಲ್ಲಿ ಇಬ್ಬರು ಸತ್ತರೆ ಇಬ್ಬರ ಮನೆಗೂ ಒಂದೇ ನಿಯಮ ಇರಬೇಕು ಅನ್ನೋದು ನನ್ನ ಅಭಿಪ್ರಾಯ. ನಿಮ್ಮಲ್ಲಿ ಕೆಲವರು ಒಪ್ಪದಿರಬಹುದು, ಆಮೇಲೆ ಜಗಳ ಮಾಡೋಣ.

ಮಾತು ಮುಗಿದ ಮೇಲೆ ಒಬ್ಬ ಕೆಡೆಟ್ ಎದ್ದು ನಿಂತು ಕೇಳಿದಳು: “ಸರ್, ನಮ್ಮೂರಲ್ಲಿ ಯಾರು ಸತ್ತಿದ್ದಾರೆ ಅಂತಾನೇ ಗೊತ್ತಿಲ್ಲ. ಎಲ್ಲಿಂದ ಶುರು ಮಾಡಬೇಕು?” ಅದಕ್ಕೆ ಹೇಳಿದ್ದನ್ನೂ ಇಲ್ಲಿ ಬರೆಯುತ್ತೇನೆ.

ಊರಿನ ಮಾಜಿ ಸೈನಿಕರಿಂದ ಶುರು ಮಾಡಿ. ಪ್ರತಿ ಹಳ್ಳಿಯಲ್ಲೂ ಒಬ್ಬ ನಿವೃತ್ತ ಸುಬೇದಾರರೋ ಹವಾಲ್ದಾರರೋ ಇದ್ದೇ ಇರುತ್ತಾರೆ, ಅವರಿಗೆ ಎಲ್ಲರ ಪಲ್ಟನ್ ನೆನಪಿರುತ್ತೆ. ಸೈನ್ಯದ ನಂಬರ್ ಮೊದಲು ಬರೆದುಕೊಳ್ಳಿ, ಒಂದೇ ಹೆಸರಿನವರು ಹತ್ತು ಜನ ಇರುತ್ತಾರೆ. ಆಮೇಲೆ ಜಿಲ್ಲಾ ಸೈನಿಕ ಕಲ್ಯಾಣ ಕಚೇರಿ. ಮರಾಠಾ ರೆಜಿಮೆಂಟಿನವರಾದರೆ ದಾಖಲೆ ಕಚೇರಿ ಇದೇ ಬೆಳಗಾವಿಯಲ್ಲಿದೆ. ಮದ್ರಾಸ್ ರೆಜಿಮೆಂಟ್ ಆದರೆ ವೆಲ್ಲಿಂಗ್ಟನ್, ಮದ್ರಾಸ್ ಸ್ಯಾಪರ್ಸ್ ಆದರೆ ಬೆಂಗಳೂರು. ಸ್ವಾತಂತ್ರ್ಯದ ನಂತರ ಸತ್ತವರಾದರೆ ದೆಹಲಿಯ ರಾಷ್ಟ್ರೀಯ ಸಮರ ಸ್ಮಾರಕದಲ್ಲಿ ಹೆಸರು ಹುಡುಕಿ. 2019ರಲ್ಲಿ ಅದು ಶುರುವಾದಾಗಲೇ ಸುಮಾರು 26 ಸಾವಿರ ಹೆಸರುಗಳಿದ್ದವು, ಒಬ್ಬೊಬ್ಬರಿಗೆ ಒಂದೊಂದು ಗ್ರಾನೈಟ್ ಇಟ್ಟಿಗೆ. ಮಹಾಯುದ್ಧಗಳ ಕಾಲದವರಾದರೆ ಕಾಮನ್‌ವೆಲ್ತ್ ಆಯೋಗದ ಪಟ್ಟಿ ಇಂಟರ್‌ನೆಟ್‌ನಲ್ಲೇ ಸಿಗುತ್ತೆ. ಬಸ್ರಾ ಗೋಡೆಯ ಮೇಲೆ ಇಲ್ಲದ ಎಷ್ಟೋ ಹೆಸರು ಅಲ್ಲಿವೆ. ಇಂಗ್ಲಿಷಿನವರು ಬರೆದ ಕಾಗುಣಿತ ಮಾತ್ರ ವಿಚಿತ್ರವಾಗಿರುತ್ತೆ, ನಮ್ಮ ಹಳ್ಳಿಗಳ ಹೆಸರನ್ನು ನಾಲ್ಕು ಥರ ಬರೆದು ಹುಡುಕಬೇಕು.

ಕೊನೆಗೆ ಮನೆಗೆ ಹೋಗಿ. ಮೊದಲ ದಿನವೇ ಮೊಬೈಲ್ ತೆಗೆದು ವಿಡಿಯೋ ಮಾಡಬೇಡಿ. ಕೂತುಕೊಳ್ಳಿ. ಕೊಟ್ಟ ಚಹಾ ಕುಡಿಯಿರಿ. ಹೇಗೆ ಸತ್ತ ಅಂತ ಕೇಳಬೇಡಿ, ಅದು ದಾಖಲೆಯಲ್ಲಿ ಸಿಗುತ್ತೆ. ಸೂಟಿಗೆ ಬಂದಾಗ ಏನು ಮಾಡುತ್ತಿದ್ದ, ಯಾರ ಜೊತೆ ಜಗಳ ಆಡುತ್ತಿದ್ದ, ಏನು ತಿನ್ನುತ್ತಿದ್ದ, ಅದನ್ನು ಕೇಳಿ. ಬರೆದದ್ದನ್ನು ಮನೆಯವರಿಗೆ ಓದಿ ಹೇಳಿ. ಅವರು ಬೇಡ ಅಂದದ್ದನ್ನು ಹೊಡೆದು ಹಾಕಿ.

ಅಥಣಿ, ಗೋಕಾಕ, ಹುಕ್ಕೇರಿ, ರಾಯಬಾಗ ತಾಲೂಕಿನವರು ಇಲ್ಲಿ ಎಷ್ಟು ಜನ ಇದ್ದೀರಿ, ಕೈ ಎತ್ತಿ. ಸಾಕಷ್ಟು ಇದ್ದೀರಿ. ಹಾಗಾದರೆ ತಾಲೂಕಿಗೆ ಇಬ್ಬರಂತೆ ಹೆಸರು ಕೊಡಿ. ದಸರಾ ರಜೆಯೊಳಗೆ ಒಬ್ಬೊಬ್ಬರು ಒಂದು ಮನೆಗೆ ಹೋಗಿ ಬಂದರೆ ಸಾಕು, ಜಾಸ್ತಿ ಬೇಡ. ನೋಟ್‌ಬುಕ್ ಕಾಲೇಜಿನಿಂದ ಕೊಡುತ್ತಾರೆ, ಪ್ರಾಂಶುಪಾಲರು ಒಪ್ಪಿದ್ದಾರೆ. ಹೆಸರು ಕೊಡುವವರು ಚಹಾ ಕುಡಿದು ಹಾಗೇ ಹೋಗಿಬಿಡಬೇಡಿ, ವೇದಿಕೆ ಹತ್ತಿರ ಬನ್ನಿ.